ಲಾನಿ ಜಾನ್ಸನ್‌ನಂತೆ ಗಿಟಾರ್ ನುಡಿಸುವ ಕ್ರಮ

ಈ ಕೈಪಿಡಿ ಕೊಂಡ ತಮಗೆ ವಂದನೆ. ಕೊಟ್ಟ ಹಣ ವಾಪಸಿಲ್ಲ.

ಮೊದಲು, ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿ. ಮನೆಯವರೆಲ್ಲ ಒಂದಲ್ಲ ಒಂದು ವಾದ್ಯ ಹಿಡಿದವರಾಗಿರಲಿ. ಯಾವ ವರ್ಷ ಹುಟ್ಟಬೇಕೆಂದು ಕೇಳಬೇಡಿ. ಬ್ಲೂಸ್ ಗಿಟಾರಿಗ ಜಾನ್ಸನ್ ಹುಟ್ಟಿದ್ದು 1899ರಲ್ಲಿ ಎನ್ನುವವರಿದ್ದಾರೆ, 1894 ಎನ್ನುವವರೂ ಇದ್ದಾರೆ, ಅನುಕೂಲವಾದದ್ದನ್ನು ಆರಿಸಿಕೊಳ್ಳಿ. 1918ರ ಇನ್‌ಫ್ಲುಯೆನ್ಜಾ ಅವನ ಮನೆಯವರಲ್ಲಿ ಹೆಚ್ಚಿನವರನ್ನು ಒಯ್ದಿತು. ಆ ಪಾಠಕ್ಕೆ ಅಭ್ಯಾಸ ಬೇಡ.

ಗಿಟಾರಿನ ಪೆಟ್ಟಿಗೆ ಇನ್ನೂ ತೆರೆಯಬೇಡಿ. ಪಿಟೀಲು ಕಲಿಯಿರಿ. ಜಾನ್ಸನ್ ಅದನ್ನೂ ನುಡಿಸುತ್ತಿದ್ದ. ಒಂದೊಂದೇ ತಂತಿ ಮೀಟಿ, ಸ್ವರವನ್ನು ಎಳೆದು, ನಡುಗಿಸಿ, ಹಾಡಿಸುವ ಬುದ್ಧಿ ಅಲ್ಲಿಂದ ಬಂದಿರಬೇಕೆಂದು ನನ್ನ ಗುಮಾನಿ. ಯಾಕೆಂದರೆ ಆ ಕಾಲದ ಬ್ಯಾಂಡುಗಳಲ್ಲಿ ಗಿಟಾರಿನವನ ಪಾಲಿಗೆ ಬಂದದ್ದು ಹಿಂದೆ ಕೂತು ತಾಳಕ್ಕೆ ಸರಿಯಾಗಿ ಕಾರ್ಡ್ ಬಡಿಯುವ ಚಾಕರಿ.

ಈಗ ಗಿಟಾರ್ ತೆಗೆಯಿರಿ. ಆರನೇ ತಂತಿಯನ್ನು ಡಿ ಸ್ವರಕ್ಕೆ, ಐದನೆಯದನ್ನು ಜಿಗೆ ಇಳಿಸಿ. ಉಳಿದ ನಾಲ್ಕನ್ನು ಮುಟ್ಟಬೇಡಿ. ನಿಮಗೆ ಗೊತ್ತಿದ್ದ ಕಾರ್ಡುಗಳಲ್ಲಿ ಬಹಳಷ್ಟು ಅಪಸ್ವರ ನುಡಿಯುತ್ತವೆ. ಇದು ತಯಾರಿಕೆಯ ದೋಷವಲ್ಲ. ಅಂಗಡಿಗೆ ಹೊತ್ತೊಯ್ದು ಜಗಳಕ್ಕೆ ನಿಲ್ಲಬೇಡಿ.

ಮುಂದಿನದು ಕಷ್ಟ. 1927ರ ಡಿಸೆಂಬರಿನಲ್ಲಿ ಷಿಕಾಗೋದಲ್ಲಿ ಜಾಝ್ ತುತೂರಿಗಾರ ಲೂಯಿ ಆರ್ಮ್‌ಸ್ಟ್ರಾಂಗ್‌ನ ಹಾಟ್ ಫೈವ್ ತಂಡ 'ಹಾಟರ್ ದ್ಯಾನ್ ದಟ್' ರೆಕಾರ್ಡ್ ಮಾಡಿತು. ಆರ್ಮ್‌ಸ್ಟ್ರಾಂಗ್ ಪದವಿಲ್ಲದ ಉಲಿಗಳನ್ನು ಎಸೆಯುತ್ತಾನೆ, ಜಾನ್ಸನ್‌ನ ಗಿಟಾರ್ ಅವಕ್ಕೆ ಜವಾಬು ಕೊಡುತ್ತದೆ. ಸವಾಲ್-ಜವಾಬ್ ಕೇಳಿದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರ್ಮ್‌ಸ್ಟ್ರಾಂಗ್ ಸಿಗದಿದ್ದರೆ ಮನೆಯಲ್ಲಿ ಯಾರಾದರೂ ಅಡ್ಜಸ್ಟ್ ಮಾಡಿಕೊಳ್ಳಲಿ.

ಜೊತೆಗಾರನೊಬ್ಬ ಬೇಕು, ಎಡ್ಡಿ ಲ್ಯಾಂಗ್‌ನಂಥವನು. 1928-29ರಲ್ಲಿ ಇಬ್ಬರೂ ಜೋಡಿಗಿಟಾರ್ ನುಡಿಸಿದರು. ಲ್ಯಾಂಗ್ ಬಿಳಿಯ, ಜಾನ್ಸನ್ ಕಪ್ಪು ಜನಾಂಗದವ. ಕೂಡಿ ನುಡಿಸಿದ್ದು ಲೇಬಲ್ಲಿನ ಮೇಲೆ ಕಾಣಬಾರದು. ಅದಕ್ಕೇ ಲ್ಯಾಂಗ್ 'ಬ್ಲೈಂಡ್ ವಿಲ್ಲಿ ಡನ್' ಎಂದು ಹೆಸರಿಟ್ಟುಕೊಂಡ. ಅವನ ಕಣ್ಣು ಚೆನ್ನಾಗಿಯೇ ಇತ್ತು. ಕುರುಡಿದ್ದದ್ದು ಮಾರುಕಟ್ಟೆಗೆ.

ಸಾಮಾನ್ಯ ತೊಂದರೆಗಳು: ಹಾಡು ಗೆದ್ದರೂ ಹೊಟ್ಟೆ ತುಂಬದಿರಬಹುದು. 1948ರಲ್ಲಿ ಜಾನ್ಸನ್‌ನ 'ಟುಮಾರೋ ನೈಟ್' ರಿದಂ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿತ್ತು. 1959ರಲ್ಲಿ ಅಭಿಮಾನಿಯೊಬ್ಬ ಹುಡುಕಿಕೊಂಡು ಹೋದಾಗ ಅವನು ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ. ಇದಕ್ಕೆ ರಿಪೇರಿ ನಮ್ಮಲ್ಲಿಲ್ಲ.

ಇಷ್ಟಾದ ಮೇಲೂ ಅವನಂತೆ ನುಡಿಯದಿದ್ದರೆ ಕೈಪಿಡಿಯನ್ನು ಬೈಯಬೇಡಿ. ಬ್ಲೂಸ್ ಗಿಟಾರಿಗ ರಾಬರ್ಟ್ ಜಾನ್ಸನ್ ಕೂಡ ಇವನ ರೆಕಾರ್ಡು ಕೇಳಿ ಕಲಿತದ್ದುಂಟು. ಅಡ್ಡಹೆಸರು ಒಂದೇ, ನೆಂಟಸ್ತಿಕೆ ಇರಲಿಲ್ಲ.