ಟ್ರಿನಿಡಾಡ್‌ನಲ್ಲಿ ರೊಟ್ಟಿ, ಶಿಗ್ಗಾಂವಿಯಲ್ಲಿ ಪನೀರ್

ಮನುಷ್ಯ ವಿಮಾನ ಹತ್ತಿ ದೂರ ಹೋದಷ್ಟೂ ಅವನಿಗೆ ಬಡವರ ಊಟದ ಮೇಲೆ ಪ್ರೀತಿ ಉಕ್ಕುತ್ತದೆ. ಕೆರಿಬಿಯನ್ ದ್ವೀಪಗಳಲ್ಲಿ ರಜೆ ಕಳೆದು ಬಂದ ನಮ್ಮ ಹಾವೇರಿ ಜಿಲ್ಲೆಯ ಮಗನನ್ನೋ ಅಳಿಯನನ್ನೋ ಒಮ್ಮೆ ಮಾತಿಗೆ ಎಳೆಯಿರಿ. ಇಳಿದುಕೊಂಡಿದ್ದ ರೆಸಾರ್ಟಿನ ಬಫೆ ಎಂದರೆ ಮೂಗು ಮುರಿಯುತ್ತಾನೆ. ಮುಂಗೈಗೆ ಪಟ್ಟಿ ಕಟ್ಟಿ ಮೂರು ಹೊತ್ತೂ ಉಣ್ಣಿಸುವ ಆ ಜಾಗದಲ್ಲಿ ಉಂಡವನು ಪ್ರವಾಸಿಯೇ ಅಲ್ಲವಂತೆ. ಇವನು ಗೇಟು ದಾಟಿ ಊರೊಳಗೆ ನುಗ್ಗಿ, ತಗಡಿನ ಚಪ್ಪರದ ಕೆಳಗೆ, ಕಾಲು ಅಲ್ಲಾಡುವ ಬೆಂಚಿನ ಮೇಲೆ ಕೂತು, ಬೆವರು ಸುರಿಸುತ್ತ ಕೈಯಲ್ಲೇ ತಿಂದನಂತೆ. ‘ಲೋಕಲ್ ತಿನ್ನಬೇಕ್ರಿ. ಇಲ್ಲಾಂದ್ರ ಅಷ್ಟು ದೂರ ಯಾಕ ಹೋಗಬೇಕು?’

ಏನು ತಿಂದೆಯಪ್ಪಾ ಎಂದು ಕೇಳಿದರೆ, ರೊಟ್ಟಿ!

ಸುಳ್ಳಲ್ಲ. ಟ್ರಿನಿಡಾಡ್‌ನಲ್ಲಿ ರೊಟ್ಟಿ ಅಂಗಡಿಗಳೇ ಇವೆ. 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಕಲ್ಕತ್ತೆಯಿಂದ ಕಬ್ಬಿನ ತೋಟದ ದುಡಿತಕ್ಕೆಂದು ಕರಾರಿನ ಕೂಲಿಗಳನ್ನು ತುಂಬಿಕೊಂಡು ಹೋಗಿ ಅಲ್ಲಿ ಇಳಿಸಿತು. ಅವರೂ ಅವರ ಹಿಂದೆ ಬಂದವರೂ ಹಸಿವು ಹಿಂಗಿಸಿಕೊಳ್ಳಲು ಮಾಡಿದ್ದು ರೊಟ್ಟಿ, ಕಡಲೆ ಪಲ್ಯ. ಇವತ್ತು ಅದೇ ರೊಟ್ಟಿಯೊಳಗೆ ಪಲ್ಯ ಸುತ್ತಿ ಕೊಡುವ ಅಂಗಡಿ ಮುಂದೆ ಜಗತ್ತಿನ ಪ್ರವಾಸಿಗಳು ಸಾಲು ನಿಲ್ಲುತ್ತಾರೆ. ಆ ಸಾಲಿನಲ್ಲಿ ನಮ್ಮ ಹುಡುಗನೂ ನಿಂತು, ಫೋಟೋ ತೆಗೆಸಿಕೊಂಡು, ಹೆತ್ತವ್ವನಿಗೆ ಕಳಿಸಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು, ಮೊಬೈಲಿನಲ್ಲಿ ರೊಟ್ಟಿ ನೋಡಿದಳು.

ಇದೇ ಹುಡುಗ ಮದುವೆ ಕಾರ್ಯಕ್ಕೆಂದು ಬೆಂಗಳೂರಿನಿಂದ ಹುಬ್ಬಳ್ಳಿಗೆ ಕಾರು ಓಡಿಸುತ್ತಾನೆ. ಹೆದ್ದಾರಿ 48ರಲ್ಲಿ ಶಿಗ್ಗಾಂವಿ ಹತ್ತಿರ ಬರುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ. ಈಗ ಅವನು ಹುಡುಕುವುದು ತಗಡಿನ ಚಪ್ಪರವನ್ನಲ್ಲ. ಏಸಿ ಇರಬೇಕು, ಫ್ಯಾಮಿಲಿ ಸೆಕ್ಷನ್ ಇರಬೇಕು, ಪನೀರ್ ಬಟರ್ ಮಸಾಲಾ ಇರಲೇಬೇಕು. ಇಷ್ಟೂ ಇರುವ ಹೋಟೆಲುಗಳಿಗೆ ಈಗ ನಮ್ಮಲ್ಲಿ ಬರವಿಲ್ಲ.

ಅಂಥದೊಂದರ ಮೆನು ಕಾರ್ಡನ್ನು ಭಕ್ತಿಯಿಂದ ಓದಿದ್ದೇನೆ. ಪ್ಲಾಸ್ಟಿಕ್ ಹೊದಿಸಿದ ದಪ್ಪ ಹಾಳೆ, ಮೂಲೆಯಲ್ಲಿ ಯಾರದೋ ಸಾಂಬಾರಿನ ಬೆರಳಚ್ಚು. ಅದೊಂದು ಭೂಗೋಳದ ಪಠ್ಯಪುಸ್ತಕ. ವೆಜ್ ಕೊಲ್ಲಾಪುರಿ ಇದೆ, ವೆಜ್ ಜೈಪುರಿ ಇದೆ, ವೆಜ್ ಹೈದರಾಬಾದಿ ಇದೆ, ಕಾಶ್ಮೀರಿ ಪುಲಾವ್ ಇದೆ, ಚೀನಾದ ಸೆಜ್ವಾನ್ ಇದೆ. ವೆಜ್ ಹಾನಗಲ್ಲಿ ಇಲ್ಲ, ಹಿರೇಕೆರೂರ ಮಸಾಲಾ ಇಲ್ಲ, ಸವಣೂರಿ ಪುಲಾವ್ ಇಲ್ಲ. ಕೊಲ್ಲಾಪುರ, ಜೈಪುರ, ಹೈದರಾಬಾದು ಮೂರೂ ಅಡುಗೆಮನೆಯಲ್ಲಿ ಒಂದೇ ಕೆಂಪು ಗ್ರೇವಿಯ ಪಾತ್ರೆಯಿಂದ ಹೊರಡುತ್ತವೆ. ಮೇಲೆ ಮೆಣಸಿನಕಾಯಿ ಸುರಿದರೆ ಕೊಲ್ಲಾಪುರ, ಗೋಡಂಬಿ ಉದುರಿಸಿದರೆ ಜೈಪುರ.

ವೇಟರ್ ಹುಡುಗನನ್ನು ಕೇಳಿದೆ: ‘ರೊಟ್ಟಿ ಏನೈತಪಾ?’

‘ತಂದೂರಿ ಐತ್ರಿ, ಬಟರ್ ಐತ್ರಿ, ಕುಲ್ಚಾ ಐತ್ರಿ.’

‘ಜ್ವಾಳದ್ದು?’

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ಅದನ್ನ ಮನ್ಯಾಗ ಮಾಡ್ತಾರಲ್ರಿ ಸರ.’

‘ಹಂಗಾರ ನೀ ಮಧ್ಯಾಹ್ನ ಏನ ಉಣ್ತಿ?’

‘ನಾ ಬುತ್ತಿ ತಂದೀನ್ರಿ. ರೊಟ್ಟಿ, ಪುಂಡಿಪಲ್ಲೆ, ಹಿಂಡಿ.’

ಆ ಹೋಟೆಲಿನಲ್ಲಿದ್ದ ಒಂದೇ ಒಳ್ಳೆಯ ಊಟ ಅಡುಗೆಮನೆಯ ಹಿಂದೆ ಸ್ಟೀಲ್ ಡಬ್ಬಿಯೊಳಗೆ ಮುಚ್ಚಿಕೊಂಡು ಕೂತಿತ್ತು. ಮಾರಾಟಕ್ಕಿರಲಿಲ್ಲ.

ಶಿಗ್ಗಾಂವಿ ತಾಲ್ಲೂಕಿನಲ್ಲಿ ಇದು ನಡೆಯುತ್ತಿರುವುದಕ್ಕೆ ವಿಶೇಷ ಮರ್ಯಾದೆ ಸಲ್ಲಬೇಕು. ಬಾಡ ಇಲ್ಲೇ ಇದೆ, ಕನಕದಾಸರು ಹುಟ್ಟಿದ ಊರು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಯಾರು ದೊಡ್ಡವರೆಂದು ಜಗಳ ಹತ್ತುತ್ತದೆ, ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕುತ್ತಾನೆ, ಕೊನೆಗೆ ಅಕ್ಕಿ ಕಳೆಗುಂದಿ ರಾಗಿ ಗಟ್ಟಿಮುಟ್ಟಾಗಿ ಹೊರಬರುತ್ತದೆ. ತೀರ್ಪು ಒರಟು ಧಾನ್ಯದ ಪರ. ಬಾಡದಲ್ಲಿ ಕಟ್ಟಿರುವ ಕನಕನ ಅರಮನೆಯನ್ನು ನೋಡಿ, ಕೈಮುಗಿದು, ಹೊರಬಂದ ಶಾಲಾ ಪ್ರವಾಸದ ಮಕ್ಕಳಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರೂ ಕೇಳುವುದು ಫ್ರೈಡ್ ರೈಸ್. ಅಕ್ಕಿ ಮೇಲ್ಮನವಿ ಸಲ್ಲಿಸಿ ಗೆದ್ದದ್ದು ಯಾವ ಕೋರ್ಟಿನಲ್ಲೋ ಗೊತ್ತಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜೋಳಕ್ಕೂ ಒಂದು ಪಾಲು ಮರ್ಯಾದೆ ಸಿಕ್ಕಿತು. ಆ ಮರ್ಯಾದೆ ಬೆಂಗಳೂರಿನ ಮಾಲ್‌ಗಳಲ್ಲಿ ಬಿಸ್ಕತ್ತಿನ ರೂಪದಲ್ಲಿ ಇಳಿದುಕೊಂಡಿತು, ಶಿಗ್ಗಾಂವಿಗೆ ಬಸ್ಸು ಸಿಗಲಿಲ್ಲ.

ಹತ್ತಿರದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಆಳೆತ್ತರದ ಶಿಲ್ಪಗಳಲ್ಲಿ ಹಳ್ಳಿಯ ಬದುಕೇ ನಿಂತಿದೆ. ಅದ್ಭುತವಾದ ಕೆಲಸ. ಜನ ಟಿಕೆಟ್ ತೆಗೆದುಕೊಂಡು ಹಳ್ಳಿಯನ್ನು ಕಣ್ಣರಳಿಸಿ ನೋಡುತ್ತಾರೆ. ಹೊರಗೆ ಬಂದ ಮೇಲೆ ಜೀವಂತ ಹಳ್ಳಿ ಎದುರಿಗೆ ಎಮ್ಮೆ ಹೊಡೆದುಕೊಂಡು ಬಂದರೆ ಹಾರ್ನ್ ಹೊಡೆಯುತ್ತಾರೆ.

ಹಾನಗಲ್ಲಿನ ಕತೆ ಇನ್ನೂ ರುಚಿಕರ. ಮಹಾಭಾರತದ ವಿರಾಟನಗರಿ ಇದೇ ಎನ್ನುವುದು ಊರಿನ ನಂಬಿಕೆ. ಹಾಗಾದರೆ ಭೀಮಸೇನ ವಲಲನೆಂಬ ಹೆಸರಿನಲ್ಲಿ ಅಡುಗೆಭಟ್ಟನಾಗಿ ಸೌಟು ಹಿಡಿದದ್ದೂ ಇಲ್ಲೇ. ಇಂಥ ಬಾಣಸಿಗನ ಹೆಸರು ಟ್ರಿನಿಡಾಡಿನವರಿಗೆ ಸಿಕ್ಕಿದ್ದರೆ ಬಂದರಿನಿಂದಲೇ ಬೋರ್ಡು ಹಾಕುತ್ತಿದ್ದರು. ನಮ್ಮಲ್ಲಿ ಪ್ರವಾಸಿ ಬರುತ್ತಾನೆ, ತಾರಕೇಶ್ವರ ಗುಡಿಯ ಕಮಲದ ಛತ್ತು ನೋಡಿ ಕತ್ತು ನೋಯಿಸಿಕೊಳ್ಳುತ್ತಾನೆ, ಒಂದು ನೀರಿನ ಬಾಟಲಿ ಕೊಂಡು ಊರು ಬಿಡುತ್ತಾನೆ. ಭೀಮ ಇವತ್ತು ಕೆಲಸ ಕೇಳಿಕೊಂಡು ಬಂದರೆ ಹೋಟೆಲ್ ಮಾಲೀಕರು ಕೇಳುವ ಮೊದಲ ಪ್ರಶ್ನೆ: ‘ಚೈನೀಸ್ ಬರ್ತದೇನು?’ ಬಾರದಿದ್ದರೆ ಪಾತ್ರೆ ತೊಳೆಯಲು ಹಚ್ಚುತ್ತಾರೆ. ಅಜ್ಞಾತವಾಸಕ್ಕೆ ಅದು ಇನ್ನೂ ಅನುಕೂಲ.

ಚೈನೀಸ್ ಎಂದಾಗ ಹಿರೇಕೆರೂರ ನೆನಪಾಗುತ್ತದೆ. ಸಂಜೆ ಆದರೆ ಅಲ್ಲಿಯೂ ಎಲ್ಲ ಊರಿನಂತೆ ಗೋಬಿ ಮಂಚೂರಿ ಗಾಡಿಗಳು ಹೊಗೆಯಾಡುತ್ತವೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಕಳಿಸಿದ ಮಾದರಿಗಳಲ್ಲಿ ಆರೋಗ್ಯಕ್ಕೆ ಒಗ್ಗದ ಕೃತಕ ಬಣ್ಣ ಸಿಕ್ಕಿತ್ತು. ಪಕ್ಕದ ತಾಲ್ಲೂಕು ಬ್ಯಾಡಗಿ. ಅದರ ಮೆಣಸಿನಕಾಯಿಗೆ ಖಾರ ಕಡಿಮೆ, ಕೆಂಪು ಜಾಸ್ತಿ. ಆ ಕೆಂಪಿಗಾಗಿಯೇ ದೇಶವಿದೇಶದ ಕಾರ್ಖಾನೆಗಳು ಅದರ ಬಣ್ಣ ಹಿಂಡಿ ಒಯ್ಯುತ್ತವೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ವರೆಗೆ ಹೋಗುತ್ತದೆ. ಅಂಥ ಮೆಣಸಿನಕಾಯಿಯ ಘಾಟು ಗಾಳಿಯಲ್ಲೇ ಬರುವ ನಾಡಿನಲ್ಲಿ ನಾವು ಹೂಕೋಸಿಗೆ ಕೃತಕ ಬಣ್ಣ ಹಾಕಿ ತಿಂದೆವು! ನಿಷೇಧದ ಮೇಲೆ ಗೋಬಿ ಬಿಳಿಚಿಕೊಂಡಿತು, ಗಿರಾಕಿಗಳೂ ಬಿಳಿಚಿಕೊಂಡರು. ‘ಬಣ್ಣಾನ ಇಲ್ಲಂದ್ರ ರುಚಿ ಎಲ್ಲಿಂದ ಬರ್ತೈತಿ?’ ಎಂದು ಗಾಡಿಯ ಮುಂದೆ ನಿಂತು ಕೇಳಿದವರುಂಟು. ಇನ್ನು ಗೋಬಿಯ ಮೇಲಿನ ಗರಿಗರಿ ಹೊದಿಕೆ ಕಾರ್ನ್‌ಫ್ಲೋರ್, ಅಂದರೆ ನಮ್ಮ ಹೊಲದ್ದೇ ಗೋವಿನಜೋಳ. ಚೀಲಗಟ್ಟಲೆ ಮಾರಿ, ಕೋಳಿಗೆ ಹಾಕಿ, ಮಿಕ್ಕಿದ್ದನ್ನು ಇಂಗ್ಲಿಷ್ ಹೆಸರಿನ ಪೊಟ್ಟಣದಲ್ಲಿ ಮರಳಿ ಕೊಳ್ಳುತ್ತೇವೆ.

ಇಲ್ಲಿ ಕೆರಿಬಿಯನ್ ಹುಡುಗನಿಗೆ ಒಂದು ಮಾತು ಹೇಳಬೇಕು. ಮೆಣಸಿನಕಾಯಿ, ಗೋವಿನಜೋಳ, ಶೇಂಗಾ ಮೂರೂ ಅವನು ಹೋಗಿದ್ದ ಕಡೆಯಿಂದಲೇ, ಅಮೆರಿಕ ಖಂಡದ ಆ ಬದಿಯಿಂದಲೇ, ಹಡಗು ಹತ್ತಿ ಬಂದವು. ಕೊಲಂಬಸ್ ಮೆಣಸಿನಕಾಯಿಯನ್ನು ಕಚ್ಚಿ ನಾಲಿಗೆ ಸುಟ್ಟುಕೊಂಡದ್ದು ಕೆರಿಬಿಯನ್ ದ್ವೀಪಗಳಲ್ಲೇ ಇರಬೇಕು. ಜೋಳ ಆಫ್ರಿಕದ್ದು. ಖಾನಾವಳಿಯ ತಾಟಿನಲ್ಲಿ ಖಾರ ಹಿಂಡಿ, ಶೇಂಗಾ ಚಟ್ನಿ, ಜೋಳದ ರೊಟ್ಟಿ ಒಟ್ಟಿಗೆ ಕೂತಿವೆ ಎಂದರೆ ಎರಡು ಖಂಡಗಳ ಪ್ರವಾಸ ಅಲ್ಲೇ ಮುಗಿದಿದೆ. ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ.

ಸವಣೂರು ಇದಕ್ಕೂ ಒಂದು ಹೆಜ್ಜೆ ಮುಂದೆ. ಅಲ್ಲಿನ ದೊಡ್ಡಹುಣಸೆ ಮಠದ ಅಂಗಳದ ದೊಡ್ಡ ಹುಣಸೆ ಮರಗಳು ಆಫ್ರಿಕದ ಬಾವೊಬಾಬ್ ಜಾತಿಯವು. ಬಾರ್ಬಡೋಸ್ ರಾಜಧಾನಿ ಬ್ರಿಜ್‌ಟೌನಿನ ಕ್ವೀನ್ಸ್ ಪಾರ್ಕಿನಲ್ಲೂ ಅದೇ ಜಾತಿಯ ಒಂದು ಹಿರಿಯ ಮರವಿದೆ, ಪ್ರವಾಸಿಗಳು ಹುಡುಕಿಕೊಂಡು ಹೋಗಿ ತಬ್ಬಿಕೊಳ್ಳುತ್ತಾರೆ. ನಮ್ಮವನು ಅದನ್ನೂ ತಬ್ಬಿ ಬಂದಿದ್ದಾನೆ. ಸವಣೂರು ಅವನ ಅತ್ತೆಯ ಊರು. ಮರ ಇನ್ನೂ ನೋಡಿಲ್ಲ.

ಆದರೆ ಸವಣೂರ ಖಾರ ಮಾತ್ರ ಮರೆಯದೆ ಕೊಂಡೊಯ್ಯುತ್ತಾನೆ. ನವಾಬರು ಹೋದರು, ಸಂಸ್ಥಾನ ಹೋಯಿತು, ಖಾರ ಉಳಿಯಿತು. ವೀಳ್ಯದೆಲೆಯೂ ಉಳಿದಿದೆ, ಸವಣೂರ ಎಲೆ ಎಂದರೆ ಬಾಯಲ್ಲಿ ಕರಗಬೇಕು ಎಂದು ದೂರದೂರಿನ ಪಾನ್ ಅಂಗಡಿಯವರೂ ಬಲ್ಲರು. ಅದೇ ಎಲೆ ಲಾರಿ ಹತ್ತಿ ಹೋಗುವ ಸೀಮೆಯಲ್ಲಿ, ಊಟ ಮುಗಿದ ಮೇಲೆ ಬಿಲ್ಲಿನ ಜೊತೆ ತಟ್ಟೆಯಲ್ಲಿ ಬರುವುದು ಬಣ್ಣದ ಸಕ್ಕರೆ ಮೆತ್ತಿದ ಸೋಂಪು.

ಹಾಗಾದರೆ ರೊಟ್ಟಿ ಊಟ ಸಿಗುವುದೇ ಇಲ್ಲವೇ? ಸಿಗುತ್ತದೆ. ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರ, ಸವಣೂರು ನಾಲ್ಕೂ ತಾಲ್ಲೂಕಿನಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲೋ ಕೋರ್ಟಿನ ಎದುರಿಗೋ ಬೋರ್ಡು ಮಾಸಿದ ಖಾನಾವಳಿಗಳಿವೆ. ಮೆನು ಕಾರ್ಡಿಲ್ಲ. ಒಳಗೆ ಹೋದರೆ ‘ಬರ್ರಿ, ಕುಂದರ್ರಿ’ ಎನ್ನುತ್ತಾರೆ, ಕೂತರೆ ತಾಟು ಬರುತ್ತದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು, ಝುಣಕ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು, ಕೊನೆಗೆ ಅನ್ನ ಸಾರು. ಉಣ್ಣುವವರು ವಾಯವ್ಯ ಸಾರಿಗೆಯ ಡ್ರೈವರ್ರು, ತಾರೀಖಿಗೆ ಬಂದ ಕಕ್ಷಿದಾರರು, ಎಪಿಎಂಸಿಯಲ್ಲಿ ರೇಟು ಬೀಳುವುದನ್ನು ಕಾಯುತ್ತ ಕೂತ ರೈತರು. ವಾದಿ ಪ್ರತಿವಾದಿ ಒಂದೇ ಟೇಬಲ್ಲಿನಲ್ಲಿ ಉಂಡದ್ದನ್ನೂ ನೋಡಿದ್ದೇನೆ. ಮೊಸರು ಹಂಚಿಕೊಳ್ಳಲಿಲ್ಲ, ಅಷ್ಟೇ.

ಇಷ್ಟೆಲ್ಲ ಬೈದ ಮೇಲೆ ಹೋಟೆಲ್ ಮಾಲೀಕರ ಪರವಾಗಿಯೂ ಒಂದು ಮಾತು. ಪನೀರು ಪೊಟ್ಟಣದಲ್ಲಿ ಬರುತ್ತದೆ, ಫ್ರಿಜ್ಜಿನಲ್ಲಿ ಮಲಗುತ್ತದೆ, ಗ್ರೇವಿ ನಾಳೆಯವರೆಗೆ ತಾಳುತ್ತದೆ. ಜೋಳದ ರೊಟ್ಟಿಗೆ ಈ ಸಹನೆ ಇಲ್ಲ. ಹಿಟ್ಟಿಗೆ ಕುದಿನೀರು ಹಾಕಿ ನಾದಬೇಕು, ಕೈಯಲ್ಲೇ ಬಡಿಯಬೇಕು, ಹಂಚಿನ ಮೇಲೆ ನೀರು ಸವರಿ ತಿರುವಬೇಕು, ಉಬ್ಬಿದ ಕೂಡಲೇ ತಾಟಿಗೆ ಹೋಗಬೇಕು. ಇಷ್ಟು ಮಾಡುವ ಹೆಂಗಸಿಗೆ ಮಾಲೀಕ ಕೊಡುವುದು ರೊಟ್ಟಿ ಲೆಕ್ಕದ ಕೂಲಿ. ಪನೀರಿನ ಒಂದು ಪ್ಲೇಟಿಗೆ ಗಿರಾಕಿ ಕೊಡುವ ದುಡ್ಡನ್ನು ಅವಳ ಮುಂದೆ ಹೇಳದಿರುವುದೇ ಲೇಸು.

ನಾನೊಮ್ಮೆ ಹಿರೇಕೆರೂರ ಕಡೆಯ ಖಾನಾವಳಿಯೊಂದರಲ್ಲಿ ಉಪಾಯ ಹೇಳಿದೆ. ‘ಅವ್ವಾ, ಹೊರಗ ಒಂದ್ ಬೋರ್ಡ್ ಹಾಕು: ವಿದೇಶಿ ಶೈಲಿಯ ಸ್ಥಳೀಯ ಊಟ. ತಾಟಿಗೆ ಐನೂರು ಬರೆ. ಬೆಂಚಿನ ಕಾಲು ರಿಪೇರಿ ಮಾಡಿಸಬ್ಯಾಡ, ಅಲ್ಲಾಡಲಿ. ಬೆಂಗಳೂರಿನವರು ಸಾಲು ನಿಲ್ತಾರ.’

ಅವಳು ಹಂಚಿನ ಮೇಲಿಂದ ಕಣ್ಣೆತ್ತಲಿಲ್ಲ. ‘ನಿಲ್ಲಲಿ ಬಿಡಪಾ. ಮೊದ್ಲ ರೊಟ್ಟಿ ಬಡ್ಯಾಕ ಇಬ್ಬರನ್ನ ಹುಡುಕಿ ಕೊಡು. ನಮ್ ಸೊಸಿ ಹೋಟೆಲ್‌ನ್ಯಾಗ ನೂಡಲ್ಸ್ ಮಾಡಾಕ ಹೊಕ್ಕಾಳ, ಅಲ್ಲಿ ಪಗಾರ ಜಾಸ್ತಿ ಕೊಡ್ತಾರ.’