ಸೀಟಿಗೂ ನಾಯಿಗೂ ಜಾತಕ ಕೂಡಿಬರಲಿಲ್ಲ

ಲ್ಯಾಬ್ರಡಾರ್ ಮನೆಗೆ ಬಂದ ಮೂರನೇ ತಿಂಗಳಿಗೆ ನಾವು ಕಾರು ಕೊಂಡೆವು. ನಾಯಿ ಕಾಡಿಗೆ ಕಪ್ಪು, ಸೀಟು ಕೆನೆಬಣ್ಣದ ಬಟ್ಟೆ. ಮದುವೆಗೆ ಗಣಕೂಟ, ನಾಡಿಕೂಟ ಅಂತ ಪಂಚಾಂಗ ಸವೆಸುವ ವಂಶದವರಿಗೆ ಇಲ್ಲಿ ಮಾತ್ರ ಷಷ್ಠಾಷ್ಟಕ ದೋಷ ಕಾಣಲಿಲ್ಲ. ಶೋರೂಮಿನ ಹುಡುಗ "ಪ್ರೀಮಿಯಂ ಲುಕ್ ಸಾರ್" ಅಂದ. ಕರಗಿ ಸಹಿ ಹಾಕಿದೆವು.

ಲ್ಯಾಬ್ರಡಾರ್‌ನ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಸ್ತರ ಜೊತೆ ಕೊರೆಯುವ ನೀರಿಗೆ ಧುಮುಕಿ ದುಡಿದವರು. ಅದಕ್ಕೇ ಮೈಮೇಲೆ ಎರಡು ಪದರ: ಹೊರಗೆ ಗಡಸು ಕೂದಲು, ಒಳಗೆ ಹತ್ತಿಯಂಥದ್ದು. ಹುಟ್ಟಿನಿಂದಲೇ ಕಂಬಳಿ ಹೊದ್ದ ಈ ಜೀವವನ್ನು ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂರಿಸಿದರೆ, ಅದು ಕಂಬಳಿ ಬಿಚ್ಚದೆ ಇನ್ನೇನು ಮಾಡೀತು? ಎದುರುಮನೆಯವರದು ಸೈಬೀರಿಯನ್ ಹಸ್ಕಿ. ಅವರ ಕಾರಿನ ಸುದ್ದಿ ಬೇಡ, ಪಾಪ. ಮೈಗಂಟಿದ ಸಣ್ಣ ಕೂದಲಿನ ಮುಧೋಳ ನಾಯಿ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ. 2005ರಲ್ಲಿ ಅಂಚೆ ಇಲಾಖೆ ಅದರ ಅಂಚೆಚೀಟಿಯನ್ನೂ ತಂದಿತು. ನಮ್ಮ ಅಪಾರ್ಟ್‌ಮೆಂಟಿನ ಮಟ್ಟಿಗೆ ಅದಿನ್ನೂ ಲಕೋಟೆಯಿಂದ ಕೆಳಗಿಳಿದಿಲ್ಲ.

ಮೊದಲು ಸಿಕ್ಕಿಬಿದ್ದವರು ತೀರ್ಥಹಳ್ಳಿಯ ಸೋದರಮಾವ. ಗೃಹಪ್ರವೇಶಕ್ಕೆಂದು ಬಿಳಿ ಪಂಚೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತವರು, ಇಳಿಯುವಾಗ ಹಿಂಬದಿಯಲ್ಲಿ ಕರಡಿ.

"ಏನೋ ಇದು?"

"ಉಣ್ಣೆ ಇರಬೇಕು ಮಾವ."

"ಬೊಗಳೋ ಕುರಿ ಸಾಕಿದೀಯೇನೋ?"

ಆಮೇಲೆ ಶುರುವಾಯಿತು ಖರೀದಿ. ಅಂಟು ಕಾಗದದ ರೋಲರ್ ಒಂದು ಸೀಟಿಗೆ ಒಂದು ಸುರುಳಿ ತಿಂದಿತು. ವ್ಯಾಕ್ಯೂಮ್ ಕ್ಲೀನರ್ ಊರಿಗೆಲ್ಲ ಕೇಳುವಂತೆ ಗರ್ಜಿಸಿ ಬಿಸ್ಕತ್ತಿನ ಪುಡಿ ನುಂಗಿತು, ಕೂದಲು ಕದಲಲಿಲ್ಲ. ಯಾಕೆಂದರೆ ಗಿಡ್ಡ ಗಡಸು ಕೂದಲು ಬಟ್ಟೆಯ ಮೇಲೆ ಬಿದ್ದಿರುವುದಿಲ್ಲ, ನೇಯ್ಗೆಯೊಳಗೆ ಸೂಜಿಯಂತೆ ನಾಟಿರುತ್ತದೆ. ಕಾಲಡಿಯ ಕಾರ್ಪೆಟ್ಟಂತೂ ವೆಲ್ಕ್ರೋನ ತಂಗಿ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಎಂಬ ಇಂಜಿನಿಯರು ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿಯೇ ವೆಲ್ಕ್ರೋ ಕಂಡುಹಿಡಿದದ್ದು. ನಾಯಿಗಳು ಆ ಸಾಲವನ್ನು ನನ್ನ ಕಾರಿನಲ್ಲಿ ಬಡ್ಡಿಸಮೇತ ವಸೂಲು ಮಾಡುತ್ತಿವೆ.

ಮುಂದಿನ ಹೆಡ್‌ರೆಸ್ಟಿನಿಂದ ಹಿಂದಿನದಕ್ಕೆ ತೊಟ್ಟಿಲಿನಂತೆ ಕಟ್ಟುವ ಹೊದಿಕೆಯೂ ಬಂತು. ಒಳ್ಳೆಯ ವಸ್ತು, ಬಿಚ್ಚಿ ಕೊಡವಿದರೆ ಮುಗಿಯಿತು. ನಾಯಿ ಮಾತ್ರ ಅದರಲ್ಲಿ ಕೂರದೆ ಮುಂದಿನ ಸೀಟಿಗೆ ಹಾರುತ್ತದೆ. ಹೊದಿಕೆಯಲ್ಲಿ ಈಗ ತರಕಾರಿ ಚೀಲ ಕೂರುತ್ತದೆ. ಹತ್ತಿಸುವ ಮೊದಲು ನಾಯಿಗೇ ಹತ್ತು ನಿಮಿಷ ಬಾಚಬಹುದಲ್ಲ ಅಂತ ಹೆಂಡತಿ ಕೇಳಿದಳು. ದುಡ್ಡು ಖರ್ಚಾಗದ ಉಪಾಯವಾದ್ದರಿಂದ ನನಗೆ ನಂಬಿಕೆ ಹುಟ್ಟಲಿಲ್ಲ.

ಅಪ್ಪನ ಅಂಬಾಸಿಡರ್‌ಗೆ ರೆಕ್ಸಿನ್ ಸೀಟು. ಬೇಸಿಗೆಯಲ್ಲಿ ತೊಡೆ ಸುಡುತ್ತಿತ್ತು, ಒಪ್ಪಿದೆ. ಆದರೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಎಳೆದರೆ ನಾಯಿ, ಕೋಳಿ, ಹಲಸಿನಹಣ್ಣು ಯಾವುದರ ಗುರುತೂ ಉಳಿಯುತ್ತಿರಲಿಲ್ಲ. ಅದನ್ನು 'ಚೀಪ್' ಅಂದು ಮೂಗು ಮುರಿದವರು ನಾವೇ. ಈಗ ಅದೇ ರೆಕ್ಸಿನ್ 'ಲೆದರೆಟ್' ಅಂತ ನಾಮಕರಣ ಮಾಡಿಸಿಕೊಂಡು ಮೇಲಿನ ಮಾಡೆಲ್ಲಿನಲ್ಲಿ ಕೂತಿದೆ.

ಕೊನೆಗೆ ನಮ್ಮ ಬೇಸ್‌ಮೆಂಟಿನಲ್ಲಿ ಕಾರು ಒರೆಸುವ ಹುಡುಗ ನನ್ನ ಶಸ್ತ್ರಾಗಾರ ನೋಡಿ ನಕ್ಕ. ಸೀಟಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಒಂದು ಹಳೇ ಹವಾಯಿ ಚಪ್ಪಲಿ ತೊಳೆದು ತಂದು, ಅದರ ಅಡಿಭಾಗದಿಂದ ಒಂದೇ ದಿಕ್ಕಿಗೆ ಉಜ್ಜಿದ. ರಬ್ಬರ್ ಹಿಡಿದೆಳೆದ ಕಡೆಗೆ ಕೂದಲು ಎದ್ದು ಸುರುಳಿಯಾಗಿ ಬಂತು. ಇನ್ನೊಂದು ಲ್ಯಾಬ್ರಡಾರ್ ಕಟ್ಟುವಷ್ಟು.

"ರಬ್ಬರ್ ಗ್ಲೌಸಾದ್ರೂ ಆಗ್ತದೆ ಸಾರ್. ನಮ್ಮತ್ರ ಇದೇ ಇರೋದು."

ಕಳೆದ ವಾರ ಮಾವ ಮತ್ತೆ ಬಂದಿದ್ದರು. ಶ್ರಾದ್ಧಕ್ಕೆ ಹೊರಟಿದ್ದು, ಮಡಿಪಂಚೆ. ಇಳಿದು, ತಿರುಗಿ, ಹಿಂಬದಿ ಪರೀಕ್ಷಿಸಿಕೊಂಡು ಸಂತೋಷಪಟ್ಟರು.

"ಈಗ ನೋಡು, ಎಷ್ಟು ಶುದ್ಧವಾಗಿದೆ! ಏನಪ್ಪಾ ಮಾಡಿಸಿದೆ?"

"ಪ್ರೋಕ್ಷಣೆ ಮಾಡಿಸಿದೆ ಮಾವ" ಅಂದೆ. ನೀರು ಚಿಮುಕಿಸಿದ್ದಂತೂ ನಿಜ.