ಎರಡೂ ಕಪ್ಪು ವೈರು

ಮಗಳ ರೋಬೋ ಕಾರಿಗೆ ಎಲ್298ಎನ್ ಮೋಟಾರ್ ಡ್ರೈವರ್ ಬೋರ್ಡು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೆಂಪು ವೈರು ಪ್ಲಸ್, ಕಪ್ಪು ಮೈನಸ್ ಎಂಬುದು ನನಗೂ ಗೊತ್ತು. ಆದರೆ ಮನೆಯಲ್ಲಿದ್ದದ್ದು ಎರಡೂ ಕಪ್ಪೇ. 12 ವೋಲ್ಟಿನ ಬ್ಯಾಟರಿಗೆ ಅಂದಾಜಿನ ಮೇಲೆ ಸಿಕ್ಕಿಸಿದೆ. ಕಾರು ಅಲುಗಲಿಲ್ಲ, ಹೊಗೆ ಮಾತ್ರ ಊದುಬತ್ತಿಯದ್ದರಂತೆ ನೆಟ್ಟಗೆ ಎದ್ದಿತು.

“ಏನ್ರೀ ಅದು ಸೀದ ವಾಸನೆ?”

“ಒಗ್ಗರಣೆ ನೋಡ್ಕೊಳ್ಳೇ” ಎಂದೆ. ಒಲೆಯನ್ನೇ ಹಚ್ಚಿರಲಿಲ್ಲವಂತೆ.

ಈ ಬೋರ್ಡಿನಲ್ಲಿ ಎಂಟು ಡಯೋಡುಗಳಿವೆ. ಮೋಟಾರು ನಿಲ್ಲುವಾಗ ತಿರುಗಿ ಒದೆಯುವ ವೋಲ್ಟೇಜಿಗೆ ದಾರಿ ಮಾಡಿಕೊಟ್ಟು ಚಿಪ್ಪನ್ನು ಕಾಯುವುದು ಅವುಗಳ ಉದ್ಯೋಗ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಈ ಕಾವಲುಗಾರರೇ ಬಾಗಿಲು ಹಾರುಹೊಡೆದು ಬ್ಯಾಟರಿಯ ಕರೆಂಟನ್ನೆಲ್ಲ ಬರಮಾಡಿಕೊಳ್ಳುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಮಲ್ಟಿಮೀಟರ್ ಹಿಡಿದು ಮರಣೋತ್ತರ ಪರೀಕ್ಷೆಗೆ ಕೂತೆ. ಆರೋಗ್ಯವಂತ ಡಯೋಡು ಒಂದು ದಿಕ್ಕಿಗೆ 0.6 ವೋಲ್ಟ್ ಆಸುಪಾಸು ತೋರಿಸಿ, ಇನ್ನೊಂದು ದಿಕ್ಕಿಗೆ ಬಾಯಿ ಮುಚ್ಚಿಕೊಂಡಿರಬೇಕು. ನನ್ನವು ಎರಡೂ ದಿಕ್ಕಿಗೆ ಕುಂಯ್ ಎಂದವು. 5 ವೋಲ್ಟಿನ ರೆಗ್ಯುಲೇಟರೂ ಶಿವನ ಪಾದ ಸೇರಿತ್ತು.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹೊಸ ಬೋರ್ಡು ತಂದೆ. ಜೊತೆಗೊಂದು ಫ್ಯೂಸು, ಪ್ಲಸ್ ತಂತಿಯಲ್ಲಿ ಕೂರಿಸಲು ಒಂದು ದಪ್ಪ ಡಯೋಡು. ಅದೇನೋ 0.7 ವೋಲ್ಟ್ ತಿನ್ನುತ್ತದೆ, ತಿನ್ನಲಿ. ಈ ಚಿಪ್ಪೇ ಸುಮಾರು 2 ವೋಲ್ಟ್ ನುಂಗಿ ಸುಮ್ಮನೆ ಕೂರುವ ಕುಳ!

ಮತ್ತೆ ವೈರು ಕೈಗೆತ್ತಿಕೊಂಡೆ. ಮಗಳು “ಅಪ್ಪಾ, ತಡಿ” ಎಂದು ಮೀಟರಿನಲ್ಲಿ ಅಳೆದು ನೋಡಿ, ಒಂದರ ತುದಿಗೆ ಅಮ್ಮನ ಕೆಂಪು ನೇಲ್ ಪಾಲಿಶ್ ಬಳಿದಳು.